ಮುಂಬಯಿಯಲ್ಲಿ ಕೋವಿಡ್ ಕಾಲದ ಹೆರಿಗೆ ಆರೈಕೆ

ಮುಂಬಯಿಯಲ್ಲಿ ಕೋವಿಡ್ ಕಾಲದ ಹೆರಿಗೆ ಆರೈಕೆ ಎಂದರೆ 2020ರ ಮಾರ್ಚ್‌ನಿಂದ 2022ರ ಆರಂಭದವರೆಗೆ ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳಲ್ಲಿ ಗರ್ಭಿಣಿಯರು, ಬಾಣಂತಿಯರು ಹಾಗೂ ನವಜಾತ ಶಿಶುಗಳಿಗೆ ಸಿಕ್ಕ ಮತ್ತು ಸಿಗದೆ ಹೋದ ವೈದ್ಯಕೀಯ ಸೇವೆ, ಜೊತೆಗೆ ಆ ಸೇವೆಯನ್ನು ಹುಡುಕಿಕೊಂಡು ಹೊರಟ ಹೆಂಗಸರ ಅನುಭವ. ಸಾಂಕ್ರಾಮಿಕದ ಹೊಡೆತಕ್ಕೆ ದೇಶದಲ್ಲಿ ಮೊದಲು ಸಿಕ್ಕ ಮಹಾನಗರಗಳಲ್ಲಿ ಮುಂಬಯಿ ಒಂದು. ಸೋಂಕಿತ ಗರ್ಭಿಣಿಯರ ಹೆರಿಗೆಗೆಂದು ಒಂದು ಸಾರ್ವಜನಿಕ ಆಸ್ಪತ್ರೆಯನ್ನು ಬಹುಬೇಗ ಮೀಸಲಿಟ್ಟದ್ದು, ಅಲ್ಲಿನ ದಾಖಲೆಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸಿದ್ದು ಈ ನಗರದ ವಿಶೇಷ. ಮೊದಲ ಅಲೆಯಲ್ಲಿ ಸೋಂಕು ತಗುಲಿದ ತಾಯಂದಿರಲ್ಲಿ ಬಹುಪಾಲು ಮಂದಿಗೆ ರೋಗ ಸೌಮ್ಯವಾಗಿಯೇ ಇತ್ತು. ಅವರ ಕಷ್ಟ ಹೆಚ್ಚಾಗಿ ಬಂದದ್ದು ತೆರೆದಿರುವ ಆಸ್ಪತ್ರೆಯ ಬಾಗಿಲು ತಲುಪುವುದರಲ್ಲಿ. ಎರಡನೇ ಅಲೆಯಲ್ಲಿ ರೋಗವೇ ಮಾರಕವಾಯಿತು.

ಪರಿಭಾಷೆ

ಈ ಲೇಖನದಲ್ಲಿ 'ಗರ್ಭಿಣಿ' ಎಂದರೆ ಹೆರಿಗೆಗೆ ಮುಂಚಿನ ಸ್ಥಿತಿಯವಳು; 'ಬಾಣಂತಿ' ಎಂದರೆ ಹೆರಿಗೆಯಾದ ಆರು ವಾರಗಳೊಳಗಿನವಳು. ರೂಢಿಯ ಬಾಣಂತನ ಪ್ರದೇಶಕ್ಕೆ ತಕ್ಕಂತೆ ಮೂರು ತಿಂಗಳಿಂದ ಐದು ತಿಂಗಳವರೆಗೆ ನಡೆಯುವುದುಂಟು. ವೈದ್ಯಕೀಯ ಲೆಕ್ಕಕ್ಕೆ ಮಾತ್ರ ಆರು ವಾರದ ಮಿತಿ. 'ಪ್ರಸವಪೂರ್ವ ತಪಾಸಣೆ' ಎಂಬುದು ಗರ್ಭಾವಸ್ಥೆಯಲ್ಲಿ ನಿಯತಕಾಲಕ್ಕೆ ಮಾಡುವ ತೂಕ, ರಕ್ತದೊತ್ತಡ, ರಕ್ತ, ಮೂತ್ರ ಹಾಗೂ ಸ್ಕ್ಯಾನಿಂಗ್ ಪರೀಕ್ಷೆಗಳ ಒಟ್ಟು ಹೆಸರು. 'ಮೊದಲ ಅಲೆ' 2020ರ ಮಾರ್ಚ್‌ನಿಂದ 2021ರ ಜನವರಿಯವರೆಗಿನದು, 'ಎರಡನೇ ಅಲೆ' 2021ರ ಫೆಬ್ರವರಿಯಿಂದ ಆ ವರ್ಷದ ಮಳೆಗಾಲದವರೆಗಿನದು, 'ಮೂರನೇ ಅಲೆ' 2021ರ ಕೊನೆ ಮತ್ತು 2022ರ ಆರಂಭದ ಓಮೈಕ್ರಾನ್ ಹಾವಳಿ. 'ಪಾಲಿಕೆ' ಎಂದರೆ ಬೃಹನ್ಮುಂಬಯಿ ಮಹಾನಗರ ಪಾಲಿಕೆ. ಪಾಲಿಕೆಯ ಪರವಾಗಿ ಓಣಿ ಓಣಿ ಸುತ್ತುವ ಆರೋಗ್ಯ ಸ್ವಯಂಸೇವಕಿಯರನ್ನು ಮುಂಬಯಿಯಲ್ಲಿ 'ಆರೋಗ್ಯ ಸೇವಿಕೆ' ಎನ್ನುತ್ತಾರೆ. ಕರ್ನಾಟಕದ ಓದುಗರಿಗೆ ಪರಿಚಿತರಾದ ಆಶಾ ಕಾರ್ಯಕರ್ತೆಯರ ಕೆಲಸವನ್ನೇ ಇವರು ಮಾಡುತ್ತಾರೆ.

ಹಿನ್ನೆಲೆ

ಸಾಂಕ್ರಾಮಿಕ ರೋಗವೂ ಹೆರಿಗೆ ಆಸ್ಪತ್ರೆಯೂ ಮುಂಬಯಿಯ ಇತಿಹಾಸದಲ್ಲಿ ಹತ್ತಿರ ಹತ್ತಿರವೇ ಬೆಳೆದವು. ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಕಾಮಾ ಆಸ್ಪತ್ರೆ 1886ರಲ್ಲಿ ತೆರೆಯಿತು. ಅದರ ಹೊಣೆ ಮಹಿಳಾ ವೈದ್ಯರದೇ ಆಗಿತ್ತು, ಮೊದಲ ಮುಖ್ಯಸ್ಥೆ ಎಡಿತ್ ಪೀಚಿ. ಹತ್ತು ವರ್ಷ ಕಳೆದು, 1896ರ ಸೆಪ್ಟೆಂಬರ್‌ನಲ್ಲಿ, ಮಾಂಡ್ವಿ ಬಂದರಿನ ಬಳಿ ಪ್ಲೇಗ್ ಕಾಣಿಸಿಕೊಂಡಿತು. ಮನೆ ಹೊಕ್ಕು ರೋಗಿಗಳನ್ನು ಎತ್ತಿಕೊಂಡು ಹೋಗುವ ಕ್ರಮಕ್ಕೆ, ಅದರಲ್ಲೂ ಹೆಂಗಸರನ್ನು ಮನೆಯವರಿಂದ ಬೇರ್ಪಡಿಸುವುದಕ್ಕೆ, ಊರಿನಲ್ಲಿ ತೀವ್ರ ವಿರೋಧ ಎದ್ದಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಗಿರಣಿ ಕಾರ್ಮಿಕರು ಆರ್ಥರ್ ರೋಡಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆ ದಾಳಿ ಮಾಡಿದರು. ಇಂದಿನ ಕಸ್ತೂರಬಾ ಆಸ್ಪತ್ರೆ ಅದೇ. 2020ರಲ್ಲಿ ಮುಂಬಯಿಯ ಮೊದಲ ಕೋವಿಡ್ ರೋಗಿಗಳನ್ನು ಸೇರಿಸಿಕೊಂಡದ್ದೂ ಅದೇ. ಪ್ಲೇಗಿನ ಕಾರಣಕ್ಕೆ ಹುಟ್ಟಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಜಾರಿಗೆ ತರಲಾಯಿತು.

1918ರ ಇನ್‌ಫ್ಲುಯೆಂಜಾ ಹಡಗುಕಟ್ಟೆಯ ಮೂಲಕ ಜೂನ್‌ನಲ್ಲಿ ನಗರವನ್ನು ಹೊಕ್ಕು, ಸೆಪ್ಟೆಂಬರ್‌ನಲ್ಲಿ ಮರಳಿತು. ಆ ವರ್ಷದ ಅಕ್ಟೋಬರ್ 6ರಂದು ಒಂದೇ ದಿನ 768 ಸಾವುಗಳು ದಾಖಲಾದವು. ಸತ್ತವರಲ್ಲಿ ಎಳೆಯ ಪ್ರಾಯದವರೇ ಹೆಚ್ಚು. ಆ ಜ್ವರ ಗರ್ಭಿಣಿಯರ ಪಾಲಿಗೆ ಬಹಳ ಅಪಾಯಕಾರಿಯೆಂಬುದು ಜಗತ್ತಿನೆಲ್ಲೆಡೆಯ ವೈದ್ಯರ ಅನುಭವವಾಗಿತ್ತು. ಮುಂದೆ 1926ರಲ್ಲಿ ಪರೇಲಿನಲ್ಲಿ ನವರೋಜಿ ವಾಡಿಯಾ ಹೆರಿಗೆ ಆಸ್ಪತ್ರೆ ಆರಂಭವಾಯಿತು. ಸುತ್ತಲ ಗಿರಣಿಗಳ ಕಾರ್ಮಿಕ ಕುಟುಂಬಗಳೇ ಅದರ ಆಸರೆ ಪಡೆದವು. 1929ರಲ್ಲಿ ಬಾಂಬೆ ಪ್ರಾಂತ್ಯ ದೇಶದಲ್ಲೇ ಮೊದಲ ಹೆರಿಗೆ ಸೌಲಭ್ಯ ಕಾಯ್ದೆಯನ್ನು ಅಂಗೀಕರಿಸಿತು. ಸಯನ್‌ನ ಪಾಲಿಕೆ ಆಸ್ಪತ್ರೆಯಲ್ಲಿ ಶಿಶುವೈದ್ಯೆ ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು ಕಟ್ಟಿದರು. ಸಾಂಕ್ರಾಮಿಕ ಬಂದೆರಗುವ ಹೊತ್ತಿಗೆ, ಬಡ ಹೆಂಗಸರ ಹೆರಿಗೆಯನ್ನು ಸಾರ್ವಜನಿಕ ಹಣದಿಂದ ನಡೆಸುವ ಸುಮಾರು ನೂರು ವರ್ಷದ ರೂಢಿ ಈ ಊರಿಗಿತ್ತು.

ಆರೈಕೆಯ ರಚನೆ

ಪಾಲಿಕೆಯ ಹೆರಿಗೆ ಸೇವೆಯನ್ನು ಮೆಟ್ಟಿಲುಗಳಂತೆ ಕಟ್ಟಲಾಗಿದೆ. ಕೆಳಗಿನ ಮೆಟ್ಟಿಲಲ್ಲಿ ಆರೋಗ್ಯ ಕೇಂದ್ರ ಮತ್ತು ದವಾಖಾನೆಗಳಿವೆ. ಗರ್ಭಿಣಿಯ ಹೆಸರು ನೋಂದಾಯಿಸುವುದು, ಕಬ್ಬಿಣಾಂಶದ ಮಾತ್ರೆ ಮತ್ತು ಧನುರ್ವಾಯು ಚುಚ್ಚುಮದ್ದು ಕೊಡುವುದು ಅಲ್ಲಿ. ಅದರ ಮೇಲೆ ವಾರ್ಡುಗಳಲ್ಲಿ ಹರಡಿಕೊಂಡ ಇಪ್ಪತ್ತೈದಕ್ಕೂ ಹೆಚ್ಚು ಪ್ರಸೂತಿಗೃಹಗಳು. ತೊಡಕಿಲ್ಲದ ಹೆರಿಗೆ ಅಲ್ಲೇ ಆಗಬೇಕೆಂಬುದು ಲೆಕ್ಕಾಚಾರ. ತೊಡಕು ಕಂಡರೆ ಘಾಟ್‌ಕೋಪರ್‌ನ ರಾಜಾವಾಡಿ, ಸಾಂತಾಕ್ರೂಜ್‌ನ ವಿ. ಎನ್. ದೇಸಾಯಿ, ಬಾಂದ್ರಾ ಮತ್ತು ಕುರ್ಲಾದ ಭಾಭಾ, ಗೋವಂಡಿ ಮತ್ತು ಕಾಂದಿವಲಿಯ ಶತಾಬ್ದಿ ಮುಂತಾದ ಉಪನಗರ ಆಸ್ಪತ್ರೆಗಳಿವೆ. ತುತ್ತತುದಿಯಲ್ಲಿ ಪರೇಲಿನ ಕೆಇಎಂ, ಸಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹೂ ಬಳಿಯ ಕೂಪರ್ ಎಂಬ ನಾಲ್ಕು ವೈದ್ಯಕೀಯ ಕಾಲೇಜು ಆಸ್ಪತ್ರೆಗಳು. ರಾಜ್ಯ ಸರ್ಕಾರದ ಜೆಜೆ ಮತ್ತು ಕಾಮಾ, ದತ್ತಿ ಸಂಸ್ಥೆಯಾದ ವಾಡಿಯಾ ಇವುಗಳ ಜೊತೆಗಿವೆ. ಇವೆಲ್ಲದರ ನಡುವೆ ಅನೇಕ ಖಾಸಗಿ ನರ್ಸಿಂಗ್ ಹೋಮ್‌ಗಳು. ಮಧ್ಯಮ ವರ್ಗದವರು ಮಾತ್ರವಲ್ಲದೆ ಕೂಲಿ ಕುಟುಂಬಗಳಲ್ಲೂ ಅನೇಕರು ಸಾಲ ಮಾಡಿಯಾದರೂ ಹೋಗುವುದು ಇಲ್ಲಿಗೇ.

ಈ ಮೆಟ್ಟಿಲುಗಳ ದುರ್ಬಲ ಜಾಗವೆಂದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವ 'ರೆಫರಲ್'. ರಕ್ತ, ಅರಿವಳಿಕೆ ವೈದ್ಯ, ನವಜಾತ ಶಿಶು ಘಟಕ ಈ ಮೂರರಲ್ಲಿ ಒಂದಿಲ್ಲದಿದ್ದರೂ ಗರ್ಭಿಣಿ ಮುಂದಿನ ಆಸ್ಪತ್ರೆಗೆ ಹೋಗಬೇಕು. ಸಾಮಾನ್ಯ ದಿನಗಳಲ್ಲೇ ಕೆಲವರು ಎರಡು ಮೂರು ಕಡೆ ಅಲೆಯುತ್ತಿದ್ದರು. 1999ರಲ್ಲಿ ಅರ್ಮಿಡಾ ಫರ್ನಾಂಡಿಸ್ ಸ್ಥಾಪಿಸಿದ ಸ್ನೇಹಾ ಸಂಸ್ಥೆ ಪಾಲಿಕೆಯೊಡನೆ ಬಹಳ ಕಾಲದಿಂದ ಕೆಲಸ ಮಾಡಿದ್ದು ಈ ಅಲೆದಾಟವನ್ನು ಕಡಿಮೆ ಮಾಡಲೆಂದೇ. ಕೋವಿಡ್ ಮೊದಲು ಮುರಿದದ್ದು ಸರಿಯಾಗಿ ಈ ಕೊಂಡಿಯನ್ನು.

ಲಾಕ್‌ಡೌನ್ ಮತ್ತು ಆಸ್ಪತ್ರೆಯ ದಾರಿ

ಮುಂಬಯಿಯಲ್ಲಿ ಸೋಂಕು ಮೊದಲು ಪತ್ತೆಯಾದದ್ದು 2020ರ ಮಾರ್ಚ್ 11ರಂದು. ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಸಾಂಕ್ರಾಮಿಕವನ್ನು ಘೋಷಿಸಿದ ದಿನವೂ ಅದೇ. ಮಾರ್ಚ್ 22ರ ನಡುರಾತ್ರಿಯಿಂದ ಲೋಕಲ್ ರೈಲು ನಿಂತಿತು. 25ರಿಂದ ದೇಶದಾದ್ಯಂತ ಲಾಕ್‌ಡೌನ್. ನಗರದ ಹೆಂಗಸಿಗೆ ಲೋಕಲ್ ಕೇವಲ ಕೆಲಸಕ್ಕೆ ಹೋಗುವ ಗಾಡಿಯಲ್ಲ. ಮಾನ್‌ಖುರ್ದ್, ಗೋವಂಡಿ, ಮಾಲವಣಿಯಂಥ ಕಡೆಯವರು ದೊಡ್ಡಾಸ್ಪತ್ರೆಗೆ ತಪಾಸಣೆಗೆ ಹೋಗುತ್ತಿದ್ದುದು ಅದರಲ್ಲೇ. ರೈಲು, ರಿಕ್ಷಾ, ಟ್ಯಾಕ್ಸಿ ಮೂರೂ ಒಮ್ಮೆಗೇ ನಿಂತಾಗ ಉಳಿದದ್ದು 108 ಆಂಬುಲೆನ್ಸ್, ಪೊಲೀಸರ ಅನುಮತಿ, ನೆರೆಯವರ ವಾಹನ ಅಥವಾ ಕಾಲ್ನಡಿಗೆ. ಆಂಬುಲೆನ್ಸುಗಳಿಗಾದರೋ ಕೋವಿಡ್ ರೋಗಿಗಳ ಕರೆ ಮೇಲಿಂದ ಮೇಲೆ ಬರುತ್ತಿತ್ತು. ಜೂನ್ 15ರಂದು ಲೋಕಲ್ ಅಗತ್ಯ ಸೇವೆಯ ನೌಕರರಿಗಷ್ಟೇ ತೆರೆಯಿತು. ಎಲ್ಲ ಹೆಂಗಸರಿಗೆ ನಿಗದಿತ ವೇಳೆಯಲ್ಲಿ ಪ್ರಯಾಣಿಸಲು ಅವಕಾಶ ಸಿಕ್ಕಿದ್ದು ಅಕ್ಟೋಬರ್ 21ರಿಂದ. ಮಾರ್ಚ್‌ನಲ್ಲಿ ಎರಡು ತಿಂಗಳ ಗರ್ಭಿಣಿಯಾಗಿದ್ದವಳ ಒಂಬತ್ತು ತಿಂಗಳೂ ಅಷ್ಟರಲ್ಲಿ ಮುಗಿದಿದ್ದವು.

ಸಿಬ್ಬಂದಿಗೆ ಸೋಂಕು ತಗುಲಿದ ಖಾಸಗಿ ಆಸ್ಪತ್ರೆಗಳನ್ನು ಏಪ್ರಿಲ್‌ನಲ್ಲಿ ಮುಚ್ಚಿ ಮೊಹರು ಹಾಕಲಾಯಿತು. ಅನೇಕ ಸಣ್ಣ ನರ್ಸಿಂಗ್ ಹೋಮ್‌ಗಳು ರಕ್ಷಣಾ ದಿರಿಸು ಸಿಗದೆ, ವಯಸ್ಸಾದ ವೈದ್ಯರು ಅಪಾಯಕ್ಕೆ ಅಂಜಿ, ದಾದಿಯರು ಊರಿಗೆ ಹೋಗಿ ಬಾಗಿಲು ಹಾಕಿದವು. ಒಂಬತ್ತು ತಿಂಗಳು ಒಂದೇ ವೈದ್ಯೆಯ ಬಳಿ ತೋರಿಸಿಕೊಂಡು ಕೊನೆಯ ವಾರ ಆ ಬಾಗಿಲು ಮುಚ್ಚಿದಾಗ, ಹಳೆಯ ಕಾಗದಗಳ ಚೀಲ ಹಿಡಿದು ಗುರುತಿಲ್ಲದ ಆಸ್ಪತ್ರೆಗೆ ಹೋಗಬೇಕಾದವರ ಸಂಖ್ಯೆ ಸಣ್ಣದಲ್ಲ. ಹೆಸರು ನೋಂದಾಯಿಸಿಲ್ಲದ ಗರ್ಭಿಣಿಯನ್ನು ಸೇರಿಸಿಕೊಳ್ಳಲು ಹಿಂಜರಿಯುವುದು ಮುಂಬಯಿಯ ಹಳೆಯ ಪದ್ಧತಿ. ಕೋವಿಡ್ ವರದಿ ಇಲ್ಲದವಳನ್ನು ಸೇರಿಸಿಕೊಳ್ಳಲು ಹಿಂಜರಿಯುವುದು ಅದರ ಜೊತೆಗೆ ಸೇರಿಕೊಂಡಿತು. ಗರ್ಭಿಣಿಯರಿಗೆ ಪ್ರವೇಶ ನಿರಾಕರಿಸಿದ ವಿಷಯ 2020ರ ಮೇ ತಿಂಗಳಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಬಾಂಬೆ ಹೈಕೋರ್ಟಿನ ಮುಂದೆ ಬಂದು, ಅವರಿಗೆ ಮಾಡಿರುವ ಏರ್ಪಾಡುಗಳ ಬಗ್ಗೆ ನ್ಯಾಯಾಲಯ ಆಡಳಿತದಿಂದ ಉತ್ತರ ಕೇಳಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಖಾಸಗಿ ಆಸ್ಪತ್ರೆಗಳ ಶೇ. 80 ಹಾಸಿಗೆಗಳನ್ನು ತನ್ನ ನಿಯಂತ್ರಣಕ್ಕೆ ತೆಗೆದುಕೊಂಡು ದರಕ್ಕೆ ಮಿತಿ ಹಾಕಿತು.

ಪ್ರಸವಪೂರ್ವ ತಪಾಸಣೆಗಳೂ ತಪ್ಪಿದವು. ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ನಿರ್ಬಂಧಿತ ವಲಯಗಳಲ್ಲಿ ನಿಂತಿತು. ಆರೋಗ್ಯ ಸೇವಿಕೆಯರನ್ನು ಮನೆ ಮನೆ ಸಮೀಕ್ಷೆಗೆ, ಸೋಂಕಿತರ ಸಂಪರ್ಕ ಹುಡುಕಲು ಹಚ್ಚಿದ್ದರಿಂದ ಗರ್ಭಿಣಿಯರ ಪಟ್ಟಿ ಹಿಂದೆ ಬಿತ್ತು. ಸ್ಕ್ಯಾನಿಂಗ್ ಕೇಂದ್ರಗಳು ಮುಚ್ಚಿ, ಐದನೇ ತಿಂಗಳಲ್ಲಿ ಭ್ರೂಣದ ಅಂಗದೋಷ ನೋಡುವ ಪರೀಕ್ಷೆ ಅನೇಕರಿಗೆ ಕೈತಪ್ಪಿತು. ಆ ಪರೀಕ್ಷೆಗೆ ಮತ್ತೊಂದು ದಿನ ಗೊತ್ತುಮಾಡಲು ಬರುವುದಿಲ್ಲ; ಕಾನೂನುಬದ್ಧ ಗರ್ಭಪಾತಕ್ಕೆ ಆಗ 20 ವಾರದ ಮಿತಿಯಿದ್ದುದರಿಂದ, ವಾರಗಳ ವಿಳಂಬ ಆಯ್ಕೆಯನ್ನೇ ಇಲ್ಲವಾಗಿಸುತ್ತಿತ್ತು. ಕೆಲವು ವರ್ಗದ ಹೆಂಗಸರಿಗೆ ಈ ಮಿತಿಯನ್ನು 24 ವಾರಕ್ಕೆ ಏರಿಸಿದ ತಿದ್ದುಪಡಿ ಬಂದದ್ದು 2021ರಲ್ಲಿ.

ಪರೀಕ್ಷೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಏಪ್ರಿಲ್ 20ರಂದು ಹೊರಡಿಸಿದ ಸೂಚನೆ ಮುಂಬಯಿಯ ಹೆರಿಗೆ ವಾರ್ಡುಗಳ ದಿನಚರಿಯನ್ನೇ ಬದಲಿಸಿತು. ಸೋಂಕು ಹೆಚ್ಚಿರುವ ಪ್ರದೇಶದಲ್ಲಿ ನೆಲೆಸಿದ, ಹೆರಿಗೆ ನೋವು ಶುರುವಾದ ಇಲ್ಲವೇ ಐದು ದಿನದೊಳಗೆ ಹೆರಿಗೆಯಾಗಬಹುದಾದ ಗರ್ಭಿಣಿಯರಿಗೆ ರೋಗಲಕ್ಷಣ ಇಲ್ಲದಿದ್ದರೂ ಪರೀಕ್ಷೆ ಮಾಡಬೇಕೆಂದು ಅದು ಹೇಳಿತು. ಆ ಹೊತ್ತಿಗೆ ನಗರದ ಬಹುಭಾಗ ಅಂಥ ಪ್ರದೇಶವೇ ಆಗಿತ್ತು. ಹೀಗೆ ಎಲ್ಲರನ್ನೂ ಪರೀಕ್ಷಿಸಿದಾಗ ಸೋಂಕು ಕಂಡವರಲ್ಲಿ ಬಹುತೇಕರಿಗೆ ಕೆಮ್ಮು, ಜ್ವರ ಯಾವುದೂ ಇರಲಿಲ್ಲ. ಲಕ್ಷಣ ನೋಡಿ ಸೋಂಕಿತರನ್ನು ಬೇರ್ಪಡಿಸಲು ಸಾಧ್ಯವಿಲ್ಲ ಎಂಬುದು ಇದರಿಂದ ಬೇಗ ಖಚಿತವಾಯಿತು.

ಪರೀಕ್ಷೆ ರಕ್ಷಣೆಯೂ ಆಯಿತು, ಅಡ್ಡಗೋಡೆಯೂ ಆಯಿತು. ವರದಿ ಬರಲು ಒಂದೆರಡು ದಿನ ಹಿಡಿಯುತ್ತಿದ್ದ ಕಾಲದಲ್ಲಿ ಹೆರಿಗೆ ನೋವು ಕಾಯುವಂಥದ್ದಲ್ಲ. ವರದಿಯಿಲ್ಲವೆಂಬ ಕಾರಣಕ್ಕೆ ಹೆರಿಗೆಯೂ ಸೇರಿದಂತೆ ಯಾವ ತುರ್ತು ಚಿಕಿತ್ಸೆಯನ್ನೂ ತಡಮಾಡಕೂಡದೆಂದು ಮಂಡಳಿ ಮೇ ತಿಂಗಳ ಸೂಚನೆಯಲ್ಲಿ ಸ್ಪಷ್ಟಪಡಿಸಬೇಕಾಗಿ ಬಂದದ್ದೇ ಅಂಥ ತಡಗಳು ಆಗುತ್ತಿದ್ದುದಕ್ಕೆ ಸಾಕ್ಷಿ. ಶಂಕಿತರಿಗೆಂದು ಪ್ರತ್ಯೇಕ ಹೆರಿಗೆ ಕೋಣೆ ಹೊಂದಿಸಿಕೊಂಡ ಆಸ್ಪತ್ರೆಗಳು ವರದಿ ಬರುವ ಮುನ್ನವೇ ಹೆರಿಗೆ ಮಾಡಿಸಿದವು. ಖಾಸಗಿ ಆಸ್ಪತ್ರೆಗಳಲ್ಲಿ ಪರೀಕ್ಷೆಯ ಶುಲ್ಕ, ರಕ್ಷಣಾ ದಿರಿಸಿನ ಶುಲ್ಕ ಬಿಲ್ಲಿಗೆ ಸೇರಿ ಹೆರಿಗೆಯ ಖರ್ಚು ಏರಿತು. ಸಂಬಳ ನಿಂತ ಮನೆಗಳಿಗೆ ಇದು ಎರಡು ಪಟ್ಟು ಭಾರ.

ನಾಯರ್ ಆಸ್ಪತ್ರೆ

ಮುಂಬಯಿ ಸೆಂಟ್ರಲ್‌ನ ಬಾಯಿ ಯಮುನಾಬಾಯಿ ಲಕ್ಷ್ಮಣ ನಾಯರ್ ಆಸ್ಪತ್ರೆ ಡಾ. ಎ. ಎಲ್. ನಾಯರ್ ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು. ಪಾಲಿಕೆ 2020ರ ಏಪ್ರಿಲ್‌ನಲ್ಲಿ ಅದನ್ನು ಕೋವಿಡ್ ಆಸ್ಪತ್ರೆಯೆಂದು ಮೀಸಲಿಟ್ಟ ಮೇಲೆ ಸೋಂಕಿತ ಗರ್ಭಿಣಿಯರನ್ನು ನಗರದ ನಾನಾ ಭಾಗಗಳಿಂದ ಅಲ್ಲಿಗೆ ಕಳುಹಿಸಲಾಯಿತು. ಅಲ್ಲಿ ಸೋಂಕಿತ ತಾಯಂದಿರ ಹೆರಿಗೆಗಳ ಸಂಖ್ಯೆ ಎರಡನೇ ಅಲೆ ಮುಗಿಯುವ ಹೊತ್ತಿಗೆ ಸಾವಿರ ದಾಟಿತ್ತು. ದೇಶದ ಒಂದೇ ಆಸ್ಪತ್ರೆಯಲ್ಲಿ ಇಷ್ಟು ದೊಡ್ಡ ಅನುಭವ ಸೇರಿದ್ದು ಅಪರೂಪ.

ಕೆಲಸದ ಸ್ವರೂಪವನ್ನು ರಕ್ಷಣಾ ದಿರಿಸೇ ನಿರ್ಧರಿಸಿತು. ಮೇ ತಿಂಗಳ ಸೆಕೆಯಲ್ಲಿ, ಹವಾನಿಯಂತ್ರಣ ಬಳಸುವಂತಿಲ್ಲದ ವಾರ್ಡಿನಲ್ಲಿ, ಮೈಗೆಲ್ಲ ಪ್ಲಾಸ್ಟಿಕ್ ಹೊದ್ದ ವೈದ್ಯರೂ ದಾದಿಯರೂ ಪಾಳಿ ಮುಗಿಯುವವರೆಗೆ ನೀರು ಕುಡಿಯುವಂತಿರಲಿಲ್ಲ. ಮಸುಕಾದ ಕನ್ನಡಕದ ಹಿಂದಿನಿಂದ ಹೊಲಿಗೆ ಹಾಕಬೇಕು. ಎರಡೆರಡು ಕೈಗವಸು ತೊಟ್ಟು ಮಗುವಿನ ತಲೆ ಹಿಡಿಯಬೇಕು. ಹೆರುವವಳಿಗೆ ಕಾಣುತ್ತಿದ್ದುದು ಕಣ್ಣುಗಳು ಮಾತ್ರ. ಯಾರು ವೈದ್ಯೆ, ಯಾರು ದಾದಿ, ಯಾರು ಆಯಾ ಎಂದು ಗುರುತಿಸಲು ದಿರಿಸಿನ ಮೇಲೆ ಬರೆದ ಹೆಸರೊಂದೇ ದಾರಿ. ಸಿಸೇರಿಯನ್ ಮಾಡಲು ಸೋಂಕೊಂದೇ ಕಾರಣವಾಗಬಾರದೆಂದು ಮಾರ್ಗಸೂಚಿಗಳು ಹೇಳಿದವು. ಆದ್ದರಿಂದ ಸೋಂಕಿತರಲ್ಲೂ ಸಹಜ ಹೆರಿಗೆಗಳು ನಡೆದವು.

ಇದಕ್ಕೆ ತೆತ್ತ ಬೆಲೆಯೂ ಇದೆ. ನಾಯರ್ ಕೋವಿಡ್‌ಗೆ ಮೀಸಲಾದಾಗ ಭಾಯಖಲಾ, ನಾಗ್ಪಾಡಾ, ಅಗ್ರಿಪಾಡಾ ಸುತ್ತಲ ಸೋಂಕಿಲ್ಲದ ಗರ್ಭಿಣಿಯರಿಗೆ ಹತ್ತಿರದ ಆಸ್ಪತ್ರೆ ಇಲ್ಲವಾಯಿತು. ಅವರ ಭಾರ ಕಾಮಾ, ವಾಡಿಯಾ, ಸಯನ್‌ಗಳ ಮೇಲೆ ಬಿತ್ತು. ಅಂಧೇರಿಯ ಮರೋಳ್‌ನಲ್ಲಿ ಸೆವೆನ್ ಹಿಲ್ಸ್ ಆಸ್ಪತ್ರೆಯನ್ನೂ ಪಾಲಿಕೆ ಕೋವಿಡ್‌ಗೆಂದೇ ನಡೆಸಿದ್ದು ಉಪನಗರದವರಿಗೆ ಆಸರೆಯಾಯಿತು.

ಹೆರಿಗೆ ಕೋಣೆ ಮತ್ತು ತಾಯಿ ಮಗು

ಹೆರಿಗೆಯ ವೇಳೆ ಹೆಂಗಸಿನ ಜೊತೆಗೆ ಒಬ್ಬಾಕೆ ಇರಬೇಕೆಂಬುದನ್ನು ಕೇಂದ್ರ ಸರ್ಕಾರದ 'ಲಕ್ಷ್ಯ' ಕಾರ್ಯಕ್ರಮ 2017ರಿಂದ ಪ್ರೋತ್ಸಾಹಿಸುತ್ತಿತ್ತು. ಸಾಂಕ್ರಾಮಿಕದ ನಡುವೆಯೂ ಈ ಹಕ್ಕನ್ನು ಉಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಮುಂಬಯಿಯ ಕಿಕ್ಕಿರಿದ ವಾರ್ಡುಗಳಲ್ಲಿ ಅದು ಮೊದಲಿಗೇ ಕೈಬಿಟ್ಟುಹೋಯಿತು. ಗಂಡ, ತಾಯಿ, ಅತ್ತೆ ಎಲ್ಲರೂ ಗೇಟಿನ ಹೊರಗೆ. ಕೋವಿಡ್ ವಾರ್ಡಿಗೆ ಹೋದವಳಿಗೆ ಮನೆಯವರ ಮುಖ ಮತ್ತೆ ಕಾಣುವುದು ಹತ್ತು ಹದಿನಾಲ್ಕು ದಿನದ ಬಳಿಕ; ನಡುವೆ ಇದ್ದದ್ದು ಮೊಬೈಲ್ ಪರದೆ. ಚಾರ್ಜರ್ ತರದೆ ಬಂದವರ ಪಾಡು ಇನ್ನೂ ಕಷ್ಟ. ಮುಂಬಯಿಯ ಸಾಂಕ್ರಾಮಿಕ ಕಾಲದ ಹೆರಿಗೆಯ ಕುರಿತು ಮಾತನಾಡುವಾಗ ರೋಗಕ್ಕಿಂತ ಮೊದಲು ಬರುವ ಮಾತು ಈ ಒಂಟಿತನದ್ದು. ವೈದ್ಯಕೀಯ ದಾಖಲೆಯ ಯಾವ ಕಾಲಮ್ಮಿನಲ್ಲೂ ಅದಕ್ಕೆ ಜಾಗವಿಲ್ಲದಿರುವುದರಿಂದ ಇಲ್ಲಿ ಹೇಳುವುದು ಅಗತ್ಯ.

ಮಗುವನ್ನು ತಾಯಿಯಿಂದ ಬೇರೆ ಮಾಡಬೇಕೋ ಬೇಡವೋ ಎಂಬುದು ಮೊದಲ ವಾರಗಳಲ್ಲಿ ಜಗತ್ತಿನಾದ್ಯಂತ ಚರ್ಚೆಯಾಯಿತು. ಚೀನಾದ ಆರಂಭಿಕ ಪದ್ಧತಿ ಬೇರ್ಪಡಿಸುವುದಾಗಿತ್ತು. ಮುಂಬಯಿಯಲ್ಲಿ ಪ್ರಧಾನ ಕಚೇರಿಯುಳ್ಳ, ಪ್ರಸೂತಿತಜ್ಞರ ಅಖಿಲ ಭಾರತ ಒಕ್ಕೂಟ ಫಾಗ್ಸಿ, ನವಜಾತ ಶಿಶು ತಜ್ಞರ ರಾಷ್ಟ್ರೀಯ ವೇದಿಕೆ ಮತ್ತು ಭಾರತೀಯ ಶಿಶುವೈದ್ಯರ ಅಕಾಡೆಮಿ ಸೇರಿ ರೂಪಿಸಿದ ಮಾರ್ಗಸೂಚಿ ತಾಯಿ ಆರೋಗ್ಯವಾಗಿದ್ದರೆ ಮಗುವನ್ನು ಜೊತೆಗೇ ಇಟ್ಟು, ಮುಖಗವಸು ತೊಟ್ಟು, ಕೈ ತೊಳೆದು ಎದೆಹಾಲು ಕೊಡಬೇಕೆಂದಿತು. ನಾಯರ್‌ನಲ್ಲಿ ನಡೆದದ್ದೂ ಹಾಗೆಯೇ. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಸೋಂಕು ಕಂಡದ್ದು ಕೆಲವರಿಗಷ್ಟೇ. ನಲ್ಲಿ ನೀರು ದಿನಕ್ಕೆರಡು ಗಂಟೆ ಬರುವ ಮನೆಗಳಲ್ಲಿ ಹಾಲುಪುಡಿಯ ಬಾಟಲಿ ಎಷ್ಟು ಅಪಾಯವೆಂಬುದನ್ನು ಬಲ್ಲವರಿಗೆ ಈ ತೀರ್ಮಾನದ ಬೆಲೆ ತಿಳಿಯುತ್ತದೆ.

ಮನೆ, ಓಣಿ, ಬಾಣಂತನ

2011ರ ಜನಗಣತಿಯಂತೆ ಮುಂಬಯಿಯ ಸುಮಾರು 1.24 ಕೋಟಿ ಜನರಲ್ಲಿ ಹತ್ತಿರ ಹತ್ತಿರ ಶೇ. 42 ಮಂದಿ ಕೊಳೆಗೇರಿ ವಾಸಿಗಳು. ಎರಡು, ಎರಡೂವರೆ ಚದರ ಕಿಲೋಮೀಟರಿನಲ್ಲಿ ಲಕ್ಷಗಟ್ಟಲೆ ಜನ ತುಂಬಿರುವ ಧಾರಾವಿಯಲ್ಲಿ ಮೊದಲ ಸೋಂಕು ಪತ್ತೆಯಾದದ್ದು 2020ರ ಏಪ್ರಿಲ್ 1ರಂದು. ಹತ್ತಡಿ ಕೋಣೆಯಲ್ಲಿ ಏಳೆಂಟು ಮಂದಿ ಮಲಗುವಾಗ 'ಅಂತರ ಕಾಯ್ದುಕೊಳ್ಳಿ' ಎಂಬ ಸೂಚನೆಗೆ ಅರ್ಥವಿಲ್ಲ. ಸಾರ್ವಜನಿಕ ಶೌಚಾಲಯಕ್ಕೆ ದಿನಕ್ಕೆ ಹಲವು ಬಾರಿ ಹೋಗಲೇಬೇಕಾದ ತುಂಬುಗರ್ಭಿಣಿಯರು ಸೋಂಕಿನ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಮೂತ್ರಸೋಂಕಿಗೆ ಇದು ನೇರ ಹಾದಿ. ಸಯನ್ ಆಸ್ಪತ್ರೆಯ ಅಧೀನದಲ್ಲಿರುವ, ಓಣಿಯವರು 'ಛೋಟಾ ಸಯನ್' ಎನ್ನುವ ಧಾರಾವಿಯ ನಗರ ಆರೋಗ್ಯ ಕೇಂದ್ರ ಇಲ್ಲಿನವರಿಗೆ ಹತ್ತಿರದ ನೆಲೆ.

ಧಾರಾವಿ, ಸಯನ್, ವಡಾಲಾ ಮತ್ತು ಪೂರ್ವ ಉಪನಗರಗಳಲ್ಲಿ ಕನ್ನಡ ಮಾತನಾಡುವ ಕುಟುಂಬಗಳು ಬಹಳ. ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದವರು ಒಂದು ಕಡೆ. ಹೋಟೆಲು, ಉದ್ಯೋಗಗಳಲ್ಲಿ ತಲೆಮಾರುಗಳಿಂದ ನೆಲೆನಿಂತ ಕರಾವಳಿಯವರು ಇನ್ನೊಂದು ಕಡೆ. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ಇಬ್ಬರಲ್ಲೂ ರೂಢಿ. ಮಹಾರಾಷ್ಟ್ರದ ಹೆಂಗಸರಿಗೂ 'ಮಾಹೇರ್' ಅಷ್ಟೇ ಮುಖ್ಯ. ಏಳನೇ ತಿಂಗಳಲ್ಲಿ ಕುಬುಸ ಅಥವಾ ಸೀಮಂತ ಮುಗಿಸಿ ತಾಯಿ ಮಗಳನ್ನು ಕರೆದೊಯ್ಯುತ್ತಾಳೆ. ಹಡೆದ ಮೇಲೆ ಎಣ್ಣೆನೀರು, ಅಂಟಿನುಂಡೆ, ಬೆಳ್ಳುಳ್ಳಿ, ಮೆಣಸಿನ ಕಷಾಯಗಳ ಬಾಣಂತನ ಅಲ್ಲಿ. ಲಾಕ್‌ಡೌನ್ ಈ ಪ್ರಯಾಣವನ್ನು ಕಡಿದುಹಾಕಿತು. ತಾಯಿ ಅಲ್ಲಿ, ಮಗಳು ಇಲ್ಲಿ, ನಡುವೆ ಮುಚ್ಚಿದ ಗಡಿ.

ಮೇ ತಿಂಗಳಲ್ಲಿ ಕರ್ನಾಟಕದ ಸೇವಾ ಸಿಂಧು ಜಾಲತಾಣದ ಮೂಲಕ ಪಾಸ್ ಪಡೆದು, ನಿಪ್ಪಾಣಿ ಬಳಿಯ ಕೊಗನೊಳ್ಳಿ ತಪಾಸಣಾ ಠಾಣೆ ದಾಟಿ ಸಾವಿರಾರು ಮಂದಿ ಊರಿಗೆ ಮರಳಿದರು; ಅವರಲ್ಲಿ ಗರ್ಭಿಣಿಯರೂ ಇದ್ದರು. ಮಂಡ್ಯ, ಉಡುಪಿ, ಯಾದಗಿರಿ, ಕಲಬುರಗಿಗಳಲ್ಲಿ ಸೋಂಕು ಏರಿದಾಗ ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿಲ್ಲಿಸಿತು. ಸಾಂಸ್ಥಿಕ ಕ್ವಾರಂಟೈನ್‌ನಿಂದ ಗರ್ಭಿಣಿಯರಿಗೆ ರಿಯಾಯಿತಿ ಕೊಟ್ಟು, ಪರೀಕ್ಷೆಯ ಬಳಿಕ ಮನೆಯಲ್ಲೇ ಇರಿಸುವ ವ್ಯವಸ್ಥೆಯಾಯಿತು. ಆದರೆ 'ಮುಂಬಯಿಯಿಂದ ಬಂದವಳು' ಎಂಬ ಮಾತು ತವರಿನ ಕೇರಿಯಲ್ಲೂ ಬಾಗಿಲು ಮುಚ್ಚಿಸುವಷ್ಟು ಭಾರವಾಗಿತ್ತು. ಊರಿಗೆ ಹೋಗಲಾಗದೆ ಮುಂಬಯಿಯಲ್ಲೇ ಉಳಿದವರಿಗೆ ಬಾಣಂತನ ಮಾಡಿದ್ದು ಗಂಡ, ನಾದಿನಿ, ಪಕ್ಕದ ಖೋಲಿಯ ಹೆಂಗಸು; ಎಣ್ಣೆನೀರಿನ ಕ್ರಮವನ್ನು ಊರಿನ ತಾಯಿ ಫೋನಿನಲ್ಲಿ ಹೇಳಿಕೊಡುತ್ತಿದ್ದಳು.

ಎರಡನೇ ಅಲೆ

2021ರ ಫೆಬ್ರವರಿಯ ನಂತರ ಹಬ್ಬಿದ ರೂಪಾಂತರಿ ವೈರಾಣು ಗರ್ಭಿಣಿಯರ ವಿಷಯದಲ್ಲಿ ಚಿತ್ರವನ್ನೇ ಬದಲಿಸಿತು. ನಾಯರ್ ಆಸ್ಪತ್ರೆಯ 1,530 ಗರ್ಭಿಣಿಯರು ಮತ್ತು ಬಾಣಂತಿಯರ ದಾಖಲೆಗಳ ಹೋಲಿಕೆ ಇದಕ್ಕೆ ಆಧಾರ. ಮೊದಲ ಅಲೆಯ 1,143 ಮಂದಿಯಲ್ಲಿ ರೋಗಲಕ್ಷಣ ಇದ್ದವರು ಶೇ. 14.2, ಎರಡನೇ ಅಲೆಯ 387 ಮಂದಿಯಲ್ಲಿ ಶೇ. 28.7. ಸಾವಿನ ಪ್ರಮಾಣ ಶೇ. 0.7ರಿಂದ ಶೇ. 5.7ಕ್ಕೆ ಏರಿತು.

ಕಾರಣಗಳು ದೇಹದಲ್ಲೂ ಇವೆ, ಊರಿನಲ್ಲೂ ಇವೆ. ತುಂಬುಗರ್ಭ ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶ ಹಿಗ್ಗಲು ಜಾಗ ಕಡಿಮೆ. ಆಮ್ಲಜನಕದ ಬೇಡಿಕೆ ಮಾತ್ರ ಹೆಚ್ಚು. ಗರ್ಭಾವಸ್ಥೆಯಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವವೂ ಹೆಚ್ಚು, ಕೋವಿಡ್ ಅದನ್ನು ಇನ್ನಷ್ಟು ಪ್ರಚೋದಿಸುತ್ತದೆ. ಇತರ ರೋಗಿಗಳನ್ನು ಬೋರಲು ಮಲಗಿಸಿ ಆಮ್ಲಜನಕ ಏರಿಸುವ ಕ್ರಮ ಎಂಟು ತಿಂಗಳ ಗರ್ಭಿಣಿಗೆ ಸುಲಭವಲ್ಲ. ಎಡಮಗ್ಗುಲಿಗೆ ದಿಂಬು ಕೊಟ್ಟು ಮಲಗಿಸಬೇಕು. ತಾಯಿಯ ಉಸಿರು ಉಳಿಸಲು ಅವಧಿಗೆ ಮುನ್ನವೇ ಮಗುವನ್ನು ತೆಗೆಯಬೇಕೇ ಎಂಬ ನಿರ್ಧಾರ ಗಂಟೆಗಳೊಳಗೆ ಆಗಬೇಕಿತ್ತು. ಊರಿನ ಕಡೆಯಿಂದ ನೋಡಿದರೆ, ರಕ್ತಹೀನತೆ ಮತ್ತು ಕ್ಷಯ ಮುಂಬಯಿಯ ಬಡ ಹೆಂಗಸರ ಹಳೆಯ ಜೊತೆಗಾರರು. ಮಹಾರಾಷ್ಟ್ರದ ದಾಖಲೆಗಳಲ್ಲಿ ಇವೆರಡೂ, ಮಧುಮೇಹವೂ ತಾಯಂದಿರ ಸಾವಿನೊಡನೆ ನಂಟು ತೋರಿದವು.

ಲಸಿಕೆ

ಎರಡನೇ ಅಲೆಯ ಸಾವುಗಳ ಹೊತ್ತಿಗೆ ಲಸಿಕೆ ಬಂದಿತ್ತು. ಆದರೆ ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಅನುಮತಿ ಇರಲಿಲ್ಲ. ಲಸಿಕೆಯ ಪ್ರಯೋಗಗಳಲ್ಲಿ ಅವರನ್ನು ಸೇರಿಸಿಕೊಳ್ಳದಿದ್ದುದೇ ಇದಕ್ಕೆ ಕಾರಣ. ಅಮೆರಿಕ, ಬ್ರಿಟನ್‌ಗಳಲ್ಲಿ ಗರ್ಭಿಣಿಯರು ಆಗಲೇ ಲಸಿಕೆ ಪಡೆಯುತ್ತಿದ್ದರು. ಫಾಗ್ಸಿಯೂ ಅವರ ಪರವಾಗಿ ಒತ್ತಾಯಿಸಿತ್ತು. ಹಾಲೂಡಿಸುವ ತಾಯಂದಿರಿಗೆ 2021ರ ಮೇ 19ರಂದು, ಗರ್ಭಿಣಿಯರಿಗೆ ಜುಲೈ 2ರಂದು ಕೇಂದ್ರ ಆರೋಗ್ಯ ಸಚಿವಾಲಯ ಅನುಮತಿ ಕೊಟ್ಟಿತು. ಮುಂಬಯಿ ಪಾಲಿಕೆ ಅದೇ ಜುಲೈನಲ್ಲಿ ಗರ್ಭಿಣಿಯರಿಗೆ ಲಸಿಕೆ ಹಾಕತೊಡಗಿತು. ಅಷ್ಟರಲ್ಲಿ ಅಲೆ ಇಳಿದಿತ್ತು. ಬಸಿರಲ್ಲಿ ಚುಚ್ಚುಮದ್ದು ಬೇಡವೆಂಬ ಹಿರಿಯರ ಮಾತು, ಮಗುವಿಗೆ ಏನಾದೀತೋ ಎಂಬ ಅಂಜಿಕೆ ಸೇರಿ ಆರಂಭದಲ್ಲಿ ಬಂದವರು ಕಡಿಮೆ. ತಿಂಗಳುಗಟ್ಟಲೆ 'ನಿಮಗಲ್ಲ' ಎಂದು ಹೇಳಿಸಿಕೊಂಡವರಿಗೆ ಇದ್ದಕ್ಕಿದ್ದಂತೆ ನಂಬಿಕೆ ಹುಟ್ಟಿಸುವುದು ಆರೋಗ್ಯ ಸೇವಿಕೆಯರ ಹೆಗಲ ಮೇಲೆ ಬಿದ್ದ ಕೆಲಸವಾಯಿತು.

ದೂರವಾಣಿ ಆರೈಕೆ

ಸ್ತ್ರೀರೋಗತಜ್ಞೆ ಅಪರ್ಣಾ ಹೆಗಡೆ 2008ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಅರ್ಮಾನ್ ಸಂಸ್ಥೆಯ 'ಎಂಮಿತ್ರ' ಸೇವೆ ಗರ್ಭಿಣಿಯ ತಿಂಗಳಿಗೆ ತಕ್ಕ ಸಲಹೆಯನ್ನು ಧ್ವನಿಕರೆಯಾಗಿ ಮೊಬೈಲಿಗೆ ಕಳುಹಿಸುತ್ತದೆ. ಓದು ಬಾರದವರಿಗೂ ತಲುಪುವ ಈ ಮಾರ್ಗ ಲಾಕ್‌ಡೌನ್‌ನಲ್ಲಿ ಸಿದ್ಧವಾಗಿಯೇ ಇತ್ತು; ಸಂಸ್ಥೆ ದೂರವಾಣಿಯ ಮೂಲಕ ಉಚಿತ ವೈದ್ಯ ಸಲಹೆಯನ್ನೂ ಆರಂಭಿಸಿತು. ಮಿತಿಯೂ ಸ್ಪಷ್ಟ. ಫೋನಿನಲ್ಲಿ ರಕ್ತದೊತ್ತಡ ಅಳೆಯಲಾಗದು, ಮಗುವಿನ ಎದೆಬಡಿತ ಕೇಳಲಾಗದು. ಮನೆಗೊಂದೇ ಮೊಬೈಲ್ ಇದ್ದು ಅದು ಗಂಡನ ಕೈಯಲ್ಲಿದ್ದರೆ ಕರೆ ತಲುಪುವುದೇ ಅನುಮಾನ.

ದಾಖಲೆ ಮತ್ತು ಸಂಶೋಧನೆ

ಪರೇಲಿನಲ್ಲಿರುವ ರಾಷ್ಟ್ರೀಯ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆ ನಾಯರ್ ಆಸ್ಪತ್ರೆಯೊಡನೆ ಸೇರಿ 'ಪ್ರೆಗ್‌ಕೋವಿಡ್' ಎಂಬ ದಾಖಲಾತಿಯನ್ನು ಕಟ್ಟಿತು. ಮಹಾರಾಷ್ಟ್ರದ ಇತರ ವೈದ್ಯಕೀಯ ಕಾಲೇಜುಗಳೂ ಜೊತೆಗೂಡಿದವು. ಮೊದಲ ಅಲೆಯ 4,203 ಸೋಂಕಿತ ಗರ್ಭಿಣಿಯರ ವಿವರ ಇದರಲ್ಲಿದೆ. ಲಕ್ಷಣವಿದ್ದವರು 534 ಮಂದಿ, ಅವರಲ್ಲಿ ತೀವ್ರ ರೋಗ 40 ಮಂದಿಗೆ, ಸತ್ತವರು 34. ಅವಧಿಪೂರ್ವ ಹೆರಿಗೆ ಶೇ. 16.3, ರಕ್ತದೊತ್ತಡದ ತೊಂದರೆ ಶೇ. 10.1. ಹದಿನೆಂಟು ದೇಶಗಳ ಗರ್ಭಿಣಿಯರನ್ನು ಒಳಗೊಂಡ 'ಇಂಟರ್‌ಕೋವಿಡ್' ಅಧ್ಯಯನವೂ ಸೋಂಕಿತರಲ್ಲಿ ಅವಧಿಪೂರ್ವ ಹೆರಿಗೆ, ರಕ್ತದೊತ್ತಡದ ಅಪಾಯ ಹೆಚ್ಚೆಂದು 2021ರಲ್ಲಿ ತೋರಿಸಿತು. ಪ್ರೆಗ್‌ಕೋವಿಡ್ ದಾಖಲಾತಿಯ ಮಿತಿಯೆಂದರೆ, ಅದು ಆಸ್ಪತ್ರೆ ತಲುಪಿದ, ಸೋಂಕು ಪತ್ತೆಯಾದ ಹೆಂಗಸರದು. ತಪಾಸಣೆ ತಪ್ಪಿದವರು, ದಾರಿಯಲ್ಲಿ ತಡವಾದವರು ಇದರ ಹೊರಗೆ.

ಇಂದಿನ ಸ್ಥಿತಿ

ಓಮೈಕ್ರಾನ್ ಅಲೆ ಗರ್ಭಿಣಿಯರ ಪಾಲಿಗೆ ಎರಡನೇ ಅಲೆಯಷ್ಟು ಕ್ರೂರವಾಗಿರಲಿಲ್ಲ. 2022ರ ಏಪ್ರಿಲ್‌ನಲ್ಲಿ, ಗುಡಿ ಪಾಡ್ವದ ವೇಳೆಗೆ, ಮಹಾರಾಷ್ಟ್ರ ನಿರ್ಬಂಧಗಳನ್ನೆಲ್ಲ ತೆಗೆದುಹಾಕಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದಿತು. ನಾಯರ್ ಮತ್ತೆ ಸಾಮಾನ್ಯ ಆಸ್ಪತ್ರೆಯಾಗಿದೆ. ಪರೇಲಿನ ಸಂಶೋಧನಾ ಸಂಸ್ಥೆಯ ಹೆಸರಿಗೆ ಈಗ 'ಮಕ್ಕಳ ಆರೋಗ್ಯ'ವೂ ಸೇರಿದೆ. ಎಂಮಿತ್ರದ ಕರೆಗಳು ಮುಂದುವರಿದಿವೆ. ರೆಫರಲ್‌ನ ಅಲೆದಾಟವೂ ಪೂರ್ತಿ ನಿಂತಿಲ್ಲ.

ಮಾದರಿ ನೋಂದಣಿ ಸಮೀಕ್ಷೆಯಂತೆ ಒಂದು ಲಕ್ಷ ಜೀವಂತ ಜನನಗಳಿಗೆ ಮಹಾರಾಷ್ಟ್ರದ ತಾಯಿ ಮರಣ 2018-20ರಲ್ಲಿ 33 ಇದ್ದದ್ದು 2019-21ರಲ್ಲಿ 38ಕ್ಕೇರಿತು. ಅದೇ ಅವಧಿಯಲ್ಲಿ ದೇಶದ ಸರಾಸರಿ 97ರಿಂದ 93ಕ್ಕೆ ಇಳಿಯಿತು. ಈ ಏರಿಕೆಯಲ್ಲಿ ಮುಂಬಯಿಯ ಪಾಲನ್ನಾಗಲಿ ಕೋವಿಡ್‌ನ ಪಾಲನ್ನಾಗಲಿ ಸಮೀಕ್ಷೆ ಬಿಡಿಸಿ ಹೇಳುವುದಿಲ್ಲ. ತುಂಬುಗರ್ಭದಲ್ಲಿ ನಗರ ಬಿಟ್ಟು ಹೊರಟವರ ಹೆರಿಗೆ ಕಲಬುರಗಿಯಲ್ಲೋ ರತ್ನಾಗಿರಿಯಲ್ಲೋ ಉತ್ತರ ಪ್ರದೇಶದ ಯಾವುದೋ ಹಳ್ಳಿಯಲ್ಲೋ ಆಯಿತು. ಜನನ ನೋಂದಣಿ ಹೆರಿಗೆಯಾದ ಊರಿನಲ್ಲೇ ಆಗುವುದರಿಂದ, ಅವರ ಮಕ್ಕಳ ಹೆಸರು ಮುಂಬಯಿಯ ಯಾವ ವಾರ್ಡಿನ ಪುಸ್ತಕದಲ್ಲೂ ಇಲ್ಲ.